ವೀಸಾ ಸಡಿಲಾದರೆ ದುರ್ಗದ ಕೋಟೆಗೆ ಜನ ಬರ್ತಾರಾ?

ಪ್ರಶ್ನೆ: ನಾನು ಚಿತ್ರದುರ್ಗದವಳು, ವಯಸ್ಸು 36. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ ಈಗ ಊರಿಗೆ ವಾಪಸ್ ಬಂದಿದ್ದೇನೆ. ಕೋಟೆಯ ಕೆಳಗೇ ನಮ್ಮ ಅಜ್ಜನ ಕಾಲದ ಮನೆ ಇದೆ. ನಡೆದರೆ ಐದು ನಿಮಿಷಕ್ಕೆ ಕೋಟೆ ಬಾಗಿಲು. ಹೋದ ವರ್ಷ ಥೈಲ್ಯಾಂಡಿಗೆ ಹೋಗಿದ್ದೆವು. ವೀಸಾ ಇಲ್ಲ, ಏನಿಲ್ಲ, ಪಾಸ್‌ಪೋರ್ಟಿಗೆ ಸೀಲು ಹೊಡೆದು ಒಳಗೆ ಬಿಟ್ಟರು. ಅಲ್ಲಿನ ಜನಜಂಗುಳಿ ನೋಡಿ ತಲೆ ತಿರುಗಿತು. ನಮ್ಮ ದೇಶವೂ ಹೀಗೇ ವೀಸಾ ತೆಗೆದು, ಹೊರಗಿನ ವಿಮಾನಗಳನ್ನು ಬಿಟ್ಟುಕೊಂಡರೆ ನಮ್ಮ ಕೋಟೆಗೂ ಜನ ಬರ್ತಾರಲ್ವಾ? ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣ ಆಯ್ತು. ದಾವಣಗೆರೆಗೂ ಆಗುತ್ತೆ ಅಂತಾರೆ. ಅದಕ್ಕೆ ಮುಂಚೆಯೇ ಮನೆ ಮೇಲೆ ಎರಡು ಮಹಡಿ ಎತ್ತಿ ಎಂಟು ರೂಂ ಮಾಡೋಣ ಅಂತಿದ್ದೇನೆ. ಮುಂದಿನ ಜಗಲಿ ತೆಗೆದು ರಿಸೆಪ್ಷನ್ ಮಾಡುವ ಯೋಚನೆ. ಬ್ಯಾಂಕಿನವರು 45 ಲಕ್ಷ ಸಾಲ ಕೊಡ್ತೀವಿ ಅಂದಿದ್ದಾರೆ. ಅಣ್ಣ ಮಾತ್ರ ಬೇಡವೇ ಬೇಡ ಅಂತಾನೆ. ಹೊರಗಿನವರು ಬಂದರೆ ಊರು ಗೋವಾ ಆಗುತ್ತೆ, ಬೆಲೆ ಏರುತ್ತೆ, ನಮಗೇ ನೀರು ಸಿಗಲ್ಲ ಅನ್ನುವುದು ಅವನ ವಾದ. ಯಾರ ಮಾತು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಗಂಟು ಬಿದ್ದಿವೆ. ವೀಸಾ ತೆಗೆದರೆ ಜನ ಬರ್ತಾರಾ ಅನ್ನುವುದು ಒಂದು. ಹತ್ತಿರದಲ್ಲಿ ವಿಮಾನ ಇಳಿದರೆ ಬರ್ತಾರಾ ಅನ್ನುವುದು ಇನ್ನೊಂದು. ಇವೆರಡನ್ನೂ ನಂಬಿ 45 ಲಕ್ಷ ಸಾಲ ಮಾಡಬಹುದಾ ಅನ್ನುವುದು ಮೂರನೆಯದು. ನಿಮ್ಮ ನಿದ್ದೆ ಕೆಡಿಸಿರುವುದು ಈ ಮೂರನೆಯದೇ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಈ ಲೆಕ್ಕದ ಮೇಲೆ ಬೇಡ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು.

ನೀವು ಹೋಗಿಬಂದ ಥೈಲ್ಯಾಂಡಿನಿಂದಲೇ ಶುರು ಮಾಡೋಣ. 2023ರ ನವೆಂಬರ್ 10ರಿಂದ ಅವರು ಭಾರತೀಯರಿಗೆ ವೀಸಾ ಬೇಡ ಅಂದರು. 2024ರಲ್ಲಿ ನಮ್ಮವರು 21 ಲಕ್ಷಕ್ಕೂ ಜಾಸ್ತಿ ಜನ ಅಲ್ಲಿಗೆ ಹೋದರು. ಇಷ್ಟು ಕೇಳಿದರೆ ವೀಸಾ ತೆಗೆದದ್ದೇ ಕಾರಣ ಅನ್ನಿಸುತ್ತದೆ. ಆದರೆ 2019ರ ಲೆಕ್ಕ ತೆಗೆದು ನೋಡಿ. ಆಗ ವೀಸಾ ಇತ್ತು. ಇಳಿದ ಮೇಲೆ ಸಾಲಿನಲ್ಲಿ ನಿಂತು ಪಡೆಯಬೇಕಿತ್ತು. ಆಗಲೂ ಸುಮಾರು 20 ಲಕ್ಷ ಭಾರತೀಯರು ಹೋಗಿದ್ದರು! ಇನ್ನೂ ಒಂದು ಮಾತಿದೆ. 2024ರ ಜುಲೈನಲ್ಲಿ ಥೈಲ್ಯಾಂಡ್ 93 ದೇಶಗಳವರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಟ್ಟಿತು. ಆ ವರ್ಷ ಒಟ್ಟು ಬಂದವರು ಮೂರೂವರೆ ಕೋಟಿ. 2019ರಲ್ಲಿ ಬಂದಿದ್ದವರು ಹತ್ತಿರ ಹತ್ತಿರ ನಾಲ್ಕು ಕೋಟಿ. ಬಾಗಿಲು ಇನ್ನಷ್ಟು ಅಗಲ ಮಾಡಿದರೂ ಹಳೆಯ ಲೆಕ್ಕ ಮುಟ್ಟಲಿಲ್ಲ.

ಹಾಗಂತ ವೀಸಾ ಸಡಿಲ ಮಾಡಿದ್ದು ದಂಡ ಅಂತಲ್ಲ. ಕೊರೋನಾದಲ್ಲಿ ನೆಲ ಕಚ್ಚಿದ್ದ ವ್ಯಾಪಾರ ಬೇಗ ಎದ್ದು ನಿಲ್ಲಲು ಅದು ಸಹಾಯ ಮಾಡಿತು. ನಾಲ್ಕು ದಿನ ರಜೆ ಸಿಕ್ಕಿತು, ನಡಿ ಹೋಗೋಣ ಅನ್ನುವ ಗಿರಾಕಿಗೆ ವೀಸಾ ಇಲ್ಲ ಅನ್ನುವುದು ದೊಡ್ಡ ಮಾತು. ಆದರೆ ಅಲ್ಲಿ ಕೆಲಸ ಮಾಡಿದ್ದು ವೀಸಾ ಒಂದೇ ಅಲ್ಲ. ಬೆಂಗಳೂರಿನಿಂದ ನಾಲ್ಕು ಗಂಟೆಯೊಳಗೆ ಬ್ಯಾಂಕಾಕ್. ದಿನಕ್ಕೆ ಹಲವು ವಿಮಾನ. ಇಳಿದರೆ ರೂಂ, ಊಟ, ದೋಣಿ, ಮಸಾಜು ಎಲ್ಲ ಸಿದ್ಧ. ನೀವು ಸೀಲು ಹೊಡೆದಿದ್ದನ್ನು ಕಣ್ಣಾರೆ ನೋಡಿದಿರಿ. ಉಳಿದದ್ದೆಲ್ಲ ಅದರ ಹಿಂದೆ ಇತ್ತು.

ಈಗ ನಮ್ಮ ದೇಶಕ್ಕೆ ಬನ್ನಿ. ಭಾರತ ವೀಸಾ ಬಿಗಿ ಹಿಡಿದಿದೆ, ಅದಕ್ಕೇ ಜನ ಬರ್ತಿಲ್ಲ ಅನ್ನುವ ಮಾತನ್ನು, ವಿದೇಶಿಯರನ್ನು ಸುತ್ತಾಡಿಸುವ ಕಸುಬಿನವನಾದ ನಾನು ಪ್ರತಿ ಸಭೆಯಲ್ಲೂ ಕೇಳುತ್ತೇನೆ. ಇದು ಅರ್ಧ ಹಳೆಯ ಕಥೆ. 2014ರ ನವೆಂಬರ್ 27ಕ್ಕೆ 43 ದೇಶಗಳವರಿಗೆ ಆನ್‌ಲೈನ್ ವೀಸಾ ಶುರುವಾಯಿತು. ಮೊದಲ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ನಮ್ಮ ಬೆಂಗಳೂರೂ ಇತ್ತು. ಈಗ ಅದು ಸುಮಾರು 170 ದೇಶಗಳಿಗೆ ಹರಡಿದೆ. ಬಹಳಷ್ಟು ದೇಶದವರಿಗೆ ಒಂದು ವರ್ಷದ ವೀಸಾಕ್ಕೆ ಶುಲ್ಕ 40 ಡಾಲರ್. ಯುರೋಪಿನಿಂದ ಬರುವವರು ಟಿಕೆಟ್ಟಿಗೇ ಎಪ್ಪತ್ತು ಎಂಬತ್ತು ಸಾವಿರ ಕೊಡುತ್ತಾರೆ. ಅವರು ಈ 40 ಡಾಲರ್ ನೋಡಿ ಹಿಂದೆ ಸರಿಯುವುದಿಲ್ಲ. ಅವರಿಗೆ ಬೇಜಾರಾಗುವುದು ಅರ್ಜಿ ನೋಡಿ. ಅಪ್ಪ ಅಮ್ಮ ಎಲ್ಲಿ ಹುಟ್ಟಿದ್ದು, ಹತ್ತು ವರ್ಷದಲ್ಲಿ ಯಾವ್ಯಾವ ದೇಶ ಸುತ್ತಿದ್ದೀರಿ, ಭಾರತದಲ್ಲಿ ನಿಮ್ಮನ್ನು ಬಲ್ಲವರು ಯಾರು. ಅರ್ಧ ಗಂಟೆ ಕೂತು ತುಂಬಬೇಕು. ಆ ಕೊನೆಯ ಪ್ರಶ್ನೆಗೆ ನನ್ನ ಹೆಸರು ಹಾಕಿದ ಅಪರಿಚಿತರು ಎಷ್ಟು ಜನರೋ, ಲೆಕ್ಕ ಇಟ್ಟಿಲ್ಲ.

2014ರಲ್ಲಿ ಭಾರತಕ್ಕೆ ಬಂದ ವಿದೇಶಿಯರು ಸುಮಾರು 77 ಲಕ್ಷ. 2019ರಲ್ಲಿ 1.09 ಕೋಟಿ. ಅದರಲ್ಲಿ ಸುಮಾರು 29 ಲಕ್ಷ ಜನ ಆನ್‌ಲೈನ್ ವೀಸಾದಲ್ಲಿ ಬಂದವರು. ಒಳ್ಳೆ ಏರಿಕೆಯೇ. ಆದರೆ ಆ ವರ್ಷ ಅತಿ ಹೆಚ್ಚು ಜನ ಬಂದದ್ದು ಎಲ್ಲಿಂದ ಗೊತ್ತಾ? ಬಾಂಗ್ಲಾದೇಶದಿಂದ, 25 ಲಕ್ಷ ದಾಟಿ. ಅವರಲ್ಲಿ ಎಷ್ಟೋ ಜನ ಆಸ್ಪತ್ರೆಗೆ, ನೆಂಟರ ಮನೆಗೆ ಬಂದವರು. ಅಮೆರಿಕದಿಂದ ಬಂದವರಲ್ಲಿ ನಮ್ಮವರೇ ಎಷ್ಟೋ ಮಂದಿ, ಪಾಸ್‌ಪೋರ್ಟ್ ಮಾತ್ರ ಆ ದೇಶದ್ದು. ದಾವಣಗೆರೆಯ ಮದುವೆ ಮನೆಗೆ ಬಂದು ಬೆಣ್ಣೆ ದೋಸೆ ತಿಂದು ವಾಪಸ್ ಹೋದ ಹುಡುಗನೂ ಸರ್ಕಾರದ ಪಟ್ಟಿಯಲ್ಲಿ ವಿದೇಶಿ ಪ್ರವಾಸಿಯೇ. ಪೇಪರಿನಲ್ಲಿ ಕೋಟಿ ಅಂತ ಓದಿದಾಗ ಅವರೆಲ್ಲ ಕ್ಯಾಮೆರಾ ಹಿಡಿದು ಕೋಟೆ ಹುಡುಕಿಕೊಂಡು ಬಂದವರು ಅಂದುಕೊಳ್ಳಬೇಡಿ.

ವೀಸಾ ವಿಷಯದಲ್ಲಿ ನಾನು ಕಲಿತದ್ದು ಒಂದೇ. ತೆರೆದಾಗ ಜನ ನಿಧಾನಕ್ಕೆ ಬರುತ್ತಾರೆ. ಮುಚ್ಚಿದಾಗ ರಾತ್ರೋರಾತ್ರಿ ನಿಲ್ಲುತ್ತಾರೆ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ದುಡ್ಡು ಕೊಟ್ಟು ಕಲಿತೆ. 2019ರ ಕೊನೆಯಲ್ಲಿ ಸೀಸನ್ ಚೆನ್ನಾಗಿತ್ತು. ಆ ಉಮೇದಿನಲ್ಲಿ ಸಾಲ ಮಾಡಿ ಎರಡು ಟೆಂಪೋ ಟ್ರಾವೆಲರ್ ತೆಗೆದುಕೊಂಡೆ. ಪುಷ್‌ಬ್ಯಾಕ್ ಸೀಟು, ಕಿಟಕಿಗೆ ಪರದೆ, ಸೀಟಿನ ಮುಂದೆ ನೀರಿನ ಬಾಟಲಿಗೆ ಬಲೆ ಚೀಲ. 2020ರ ಮಾರ್ಚ್ 13ಕ್ಕೆ ಭಾರತ ಎಲ್ಲ ಪ್ರವಾಸಿ ವೀಸಾ ತಡೆಹಿಡಿಯಿತು. ಹತ್ತು ದಿನಕ್ಕೆ ವಿದೇಶದ ವಿಮಾನಗಳೂ ನಿಂತವು. ಪ್ರವಾಸಿ ವೀಸಾ ಮತ್ತೆ ಸಿಗಲು ಶುರುವಾದದ್ದು 2021ರ ಅಕ್ಟೋಬರ್, ನವೆಂಬರಿಗೆ. ಮಾಮೂಲಿ ವಿಮಾನಗಳು ಹಾರಿದ್ದು 2022ರ ಮಾರ್ಚ್ 27ಕ್ಕೆ. ಎರಡು ವರ್ಷ! ಸಾಲದ ಕಂತಿಗೆ ಮಾತ್ರ ಯಾವ ವೀಸಾದ ಹಂಗೂ ಇರಲಿಲ್ಲ. ಒಂದು ಗಾಡಿಯನ್ನು ಅರ್ಧ ಬೆಲೆಗೆ ಕೊಟ್ಟೆ. ಇನ್ನೊಂದು ದಾವಣಗೆರೆಯಲ್ಲಿ ಶಾಲೆ ಮಕ್ಕಳನ್ನು ಹೊತ್ತು ಓಡಾಡಿತು. ಆ ಬಲೆ ಚೀಲಗಳಲ್ಲಿ ಮಕ್ಕಳು ಹುಣಸೆ ಬೀಜ ತುಂಬಿಡುತ್ತಿದ್ದರು.

ಕೊರೋನಾ ನೂರು ವರ್ಷಕ್ಕೊಮ್ಮೆ ಬರೋದು ಅನ್ನಬಹುದು ನೀವು. ಸರಿ. ಆದರೆ 2022ರ ಸೀಸನ್ನಿನಲ್ಲಿ ಬ್ರಿಟನ್ನಿನವರಿಗೆ ಆನ್‌ಲೈನ್ ವೀಸಾ ಇರಲಿಲ್ಲ. ಆ ಡಿಸೆಂಬರಿನಲ್ಲಷ್ಟೇ ಮತ್ತೆ ಶುರುವಾಯಿತು. ಅಷ್ಟರೊಳಗೆ ನನ್ನ ಎರಡು ಗುಂಪು ಶ್ರೀಲಂಕಾಕ್ಕೆ ತಿರುಗಿಕೊಂಡಿದ್ದವು. 2023ರ ಸೆಪ್ಟೆಂಬರಿನಲ್ಲಿ ಕೆನಡಾದ ಜೊತೆ ಜಗಳವಾಗಿ ಅಲ್ಲಿನವರಿಗೆ ವೀಸಾ ನಿಂತಿತು, ನವೆಂಬರಿನಲ್ಲಿ ಆನ್‌ಲೈನ್ ವೀಸಾ ಮತ್ತೆ ತೆರೆಯಿತು. ಚೀನಾದವರಿಗೆ 2020ರಲ್ಲಿ ನಿಂತ ಪ್ರವಾಸಿ ವೀಸಾ ಮತ್ತೆ ಸಿಕ್ಕಿದ್ದು 2025ರ ಜುಲೈನಲ್ಲಿ. ಆಕಾಶದ ಕಥೆಯೂ ಅಷ್ಟೇ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತು, ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳು ಬಳಸಿ ಹಾರಬೇಕಾಯಿತು. ಇವೆಲ್ಲ ದೊಡ್ಡವರ ವ್ಯವಹಾರ. ನಾವು ಚಿತ್ರದುರ್ಗದಲ್ಲಿ ಕೂತು ಬೇಡ ಅಂದರೆ ನಿಲ್ಲುವುದಿಲ್ಲ, ಬೇಕು ಅಂದರೆ ಆಗುವುದಿಲ್ಲ.

ಇನ್ನು ವಿಮಾನ. ಹೊರಗಿನ ವಿಮಾನಗಳನ್ನು ಬಿಟ್ಟುಕೊಂಡರೆ ಅಂತ ಕೇಳಿದ್ದೀರಿ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಪ್ರೈವೇಟ್ ಬಸ್ಸಿಗಿಂತ ಒಳ್ಳೆ ಉದಾಹರಣೆ ಬೇಡ. ಚಿತ್ರದುರ್ಗದಿಂದ ದಾವಣಗೆರೆಗೆ ಬಸ್ ಓಡಿಸಬೇಕಾದರೆ ರೂಟ್ ಪರ್ಮಿಟ್ ಬೇಕು. ಎಷ್ಟು ಟ್ರಿಪ್, ಯಾವ ಟೈಮಿಂಗ್ ಎಲ್ಲ ಬರೆದಿರುತ್ತದೆ. ಒಬ್ಬ ಐದು ನಿಮಿಷ ಮುಂಚೆ ಬಂದು ನಿಂತರೆ ಸ್ಟ್ಯಾಂಡಿನಲ್ಲಿ ಜಗಳ. ದೇಶ ದೇಶದ ನಡುವಿನ ವಿಮಾನವೂ ಹೀಗೇ. 1944ರ ಷಿಕಾಗೋ ಒಪ್ಪಂದದ ಕಾಲದಿಂದ ಇದೇ ಪದ್ಧತಿ. ಎರಡು ದೇಶಗಳು ಕೂತು, ನಿನ್ನ ಕಡೆಯಿಂದ ವಾರಕ್ಕೆ ಇಷ್ಟು ಸೀಟು, ನನ್ನ ಕಡೆಯಿಂದ ಇಷ್ಟು, ಈ ಈ ಊರಿಗೆ ಮಾತ್ರ ಅಂತ ಬರೆದುಕೊಳ್ಳುತ್ತವೆ. ಭಾರತ ಮತ್ತು ದುಬೈ ನಡುವೆ ಒಂದೊಂದು ಕಡೆಗೂ ವಾರಕ್ಕೆ ಸುಮಾರು 66,000 ಸೀಟು. ಅವರು ಇನ್ನಷ್ಟು ಕೊಡಿ ಅಂತ ಕೇಳುತ್ತಲೇ ಇದ್ದಾರೆ. ನಾವು ಯೋಚಿಸೋಣ ಅನ್ನುತ್ತಲೇ ಇದ್ದೇವೆ.

ನೀವು ಕೇಳಿದ ಹಾಗೆ ಬಿಟ್ಟುಕೊಳ್ಳುವುದಕ್ಕೆ ತೆರೆದ ಆಕಾಶ ಅನ್ನುತ್ತಾರೆ, ಅಂದರೆ ಈ ಪರ್ಮಿಟ್ ಲೆಕ್ಕ ತೆಗೆದು ಹಾಕುವುದು. ಎಷ್ಟು ಬೇಕಾದರೂ ಹಾರಿಸು, ದರ ನೀನೇ ಇಡು. ಅಮೆರಿಕ 1992ರಲ್ಲಿ ನೆದರ್ಲೆಂಡ್ಸ್ ಜೊತೆ ಮೊದಲು ಇದನ್ನು ಮಾಡಿಕೊಂಡಿತು. ಭಾರತ 2005ರಲ್ಲಿ ಅಮೆರಿಕದ ಜೊತೆ ಮಾಡಿಕೊಂಡಿತು. 2016ರ ವಿಮಾನ ನೀತಿಯಲ್ಲಿ, ದೆಹಲಿಯಿಂದ 5,000 ಕಿಲೋಮೀಟರ್‌ಗಿಂತ ದೂರದ ದೇಶಗಳಿಗೆ ಮತ್ತು ನೆರೆಹೊರೆಯ ಸಾರ್ಕ್ ದೇಶಗಳಿಗೆ ಅವರೂ ಕೊಟ್ಟರೆ ನಾವೂ ಕೊಡುತ್ತೇವೆ ಅಂತ ಹೇಳಿತು. ಹತ್ತಿರದ ಕೊಲ್ಲಿ ದೇಶಗಳಿಗೆ ಕೊಡಲಿಲ್ಲ. ಕಾರಣ ಇಲ್ಲದಿಲ್ಲ. ಅಲ್ಲಿನ ದೊಡ್ಡ ಕಂಪನಿಗಳು ನಮ್ಮ ಜನರನ್ನು ಎತ್ತಿಕೊಂಡು ತಮ್ಮ ಊರಿನ ಮೇಲೆ ಯುರೋಪಿಗೆ ಸಾಗಿಸುತ್ತವೆ, ನಮ್ಮ ಕಂಪನಿಗಳಿಗೆ ದೂರದ ದೇಶಗಳ ವಿಮಾನ ಬೆಳೆಸಲು ಆಗುವುದಿಲ್ಲ ಅನ್ನುವ ಭಯ. ಪ್ರವಾಸೋದ್ಯಮದವರಿಗೆ ಸೀಟು ಜಾಸ್ತಿ ಬೇಕು, ದರ ಇಳಿಯಬೇಕು. ವಿಮಾನ ಕಂಪನಿಗೆ ಅದೇ ತಲೆನೋವು. ನಾನು ಮೊದಲ ಗುಂಪಿನವನು, ಆದ್ದರಿಂದ ಜಾಸ್ತಿ ಸೀಟು ಬೇಕು ಅನ್ನುವವನೇ. ಆದರೂ ಎದುರು ಪಕ್ಷದ ಮಾತನ್ನು ಸುಳ್ಳು ಅನ್ನಲಾರೆ.

ಸೀಟು ಮತ್ತು ವೀಸಾ ಎರಡೂ ಒಟ್ಟಿಗೆ ಸಡಿಲಾದರೆ ಏನಾಗುತ್ತೆ ಅನ್ನಲು ಜಪಾನ್ ಸಾಕು. 2012ರಲ್ಲಿ ಅಲ್ಲಿಗೆ ಬಂದವರು 84 ಲಕ್ಷ. ಥೈಲ್ಯಾಂಡ್, ಮಲೇಷ್ಯಾದವರಿಗೆ 2013ರಲ್ಲಿ ವೀಸಾ ತೆಗೆದರು. ಚೀನಾದವರಿಗೆ ಸುಲಭ ಮಾಡಿದರು. ಕಡಿಮೆ ದರದ ವಿಮಾನಗಳನ್ನು ಬಿಟ್ಟುಕೊಂಡರು. ಅವರ ಯೆನ್ ಬೆಲೆಯೂ ಇಳಿದಿತ್ತು. 2019ಕ್ಕೆ 3 ಕೋಟಿ 18 ಲಕ್ಷ! ಈ ಮಂತ್ರ ಎಲ್ಲ ಕಡೆಯೂ ಫಲಿಸುತ್ತೆ ಅಂತ ಜನ ಅಂದುಕೊಂಡದ್ದು ಇಲ್ಲಿಂದಲೇ. ಆದರೆ ಜಪಾನಿನಲ್ಲಿ ಇಳಿದವನು ಒಂದು ರೈಲು ಹತ್ತಿದರೆ ಮುಗಿಯಿತು, ಯಾವ ಸಣ್ಣ ಊರಾದರೂ ಸಿಗುತ್ತದೆ. ನಮ್ಮಲ್ಲಿ ಇಳಿದವನಿಗೆ ಇಳಿದ ಮೇಲೆಯೇ ಪ್ರಯಾಣ ಶುರು.

ಸಣ್ಣ ವಿಮಾನ ನಿಲ್ದಾಣದ ಆಸೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಿವಮೊಗ್ಗದಲ್ಲಿ ಮೂರು ಕಿಲೋಮೀಟರ್‌ಗೂ ಉದ್ದದ ರನ್‌ವೇ ಇದೆ. 2023ರ ಆಗಸ್ಟ್ ಕೊನೆಯಿಂದ ವಿಮಾನ ಹಾರುತ್ತಿವೆ. ರನ್‌ವೇ ಉದ್ದ ಇದ್ದ ಮಾತ್ರಕ್ಕೆ ಫ್ರಾಂಕ್‌ಫರ್ಟಿನ ವಿಮಾನ ಬಂದು ಇಳಿಯುವುದಿಲ್ಲ. ಪಾಸ್‌ಪೋರ್ಟ್ ನೋಡುವವರು, ಕಸ್ಟಮ್ಸಿನವರು ಬೇಕು, ಒಪ್ಪಂದದಲ್ಲಿ ಆ ಊರಿನ ಹೆಸರಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸೀಟು ತುಂಬಬೇಕು. ಸಣ್ಣ ಊರಿಗೆ ಬರುವುದು 70 ಚಿಲ್ಲರೆ ಸೀಟಿನ ವಿಮಾನ. ಅದರಲ್ಲಿ ವ್ಯಾಪಾರದವರು, ಆಸ್ಪತ್ರೆಗೆ ಹೋಗುವವರು, ಊರಿಗೆ ಬರುವ ಮಕ್ಕಳು ಕೂತ ಮೇಲೆ ಪ್ರವಾಸಿಗೆ ಎಷ್ಟು ಉಳಿಯಿತು? ಸಣ್ಣ ಊರುಗಳಿಗೆ ವಿಮಾನ ತರುವ ಸರ್ಕಾರದ ಉಡಾನ್ ಯೋಜನೆಯಲ್ಲಿ ಕಂಪನಿಗೆ ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಹಂಪಿಗೆ ಹತ್ತಿರದ ತೋರಣಗಲ್ಲಿಗೆ 2017ರಲ್ಲಿ ಇದೇ ಯೋಜನೆಯಲ್ಲಿ ವಿಮಾನ ಬಂತು. ಓಡಿಸುತ್ತಿದ್ದ ಕಂಪನಿ ನಿಂತಾಗ ವಿಮಾನವೂ ನಿಂತಿತು. ಹಂಪಿಯಂಥ ಹಂಪಿಗೇ ಹೀಗೆ.

ನಿಮ್ಮ ಊರಿನ ವಿಮಾನ ನಿಲ್ದಾಣ ಈಗಾಗಲೇ ಇದೆ, ದೇವನಹಳ್ಳಿಯಲ್ಲಿ. ಲಂಡನ್, ಪ್ಯಾರಿಸ್, ಫ್ರಾಂಕ್‌ಫರ್ಟಿನಿಂದ ನೇರ ವಿಮಾನ ಅಲ್ಲಿಗೆ ಬರುತ್ತವೆ. ಇಳಿದವರು ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಹಾದು ಹೆದ್ದಾರಿ ಸೇರಿದರೆ ನಾಲ್ಕು ಗಂಟೆಗೆ ನಿಮ್ಮ ಮನೆ ಮುಂದೆ. ಅವರು ಹೊರಟಿರುವುದು ಹಂಪಿಗೆ. ಬೆಂಗಳೂರಿನಿಂದ ನಿಮ್ಮೂರು 200 ಕಿಲೋಮೀಟರ್, ನಿಮ್ಮೂರಿನಿಂದ ಹೊಸಪೇಟೆ ಇನ್ನೊಂದು 140. ದುರ್ಗ ಸರಿಯಾಗಿ ದಾರಿ ಮಧ್ಯೆ ಬರುತ್ತದೆ. ನಿಮ್ಮ ಬಂಡವಾಳ ಅಂದರೆ ಇದೇ. ತುಮಕೂರು, ಚಿತ್ರದುರ್ಗ, ದಾವಣಗೆರೆ ರೈಲು ಹಳಿಯ ಕೆಲಸ ನಡೆಯುತ್ತಿದೆಯಲ್ಲ, ಅದು ಮುಗಿದರೆ ದಾವಣಗೆರೆಯ ವಿಮಾನಕ್ಕಿಂತ ನಿಮಗೆ ಜಾಸ್ತಿ ಗಿರಾಕಿ ತರುತ್ತದೆ.

ಒಂದು ದಿನದ ಕಥೆ ಹೇಳಬೇಕು. 2015ರ ಜನವರಿ. ಹದಿನಾಲ್ಕು ಜರ್ಮನ್ನರ ಗುಂಪು ಹಂಪಿಗೆ ಹೊರಟಿತ್ತು. ಆಗ ನಾನೇ ಜೊತೆಗೆ ಹೋಗುತ್ತಿದ್ದೆ. ಹನ್ನೊಂದೂವರೆಗೆ ದುರ್ಗ ಮುಟ್ಟಿದೆವು. ಬಿಸಿಲಲ್ಲೇ ಕೋಟೆ ಹತ್ತಿದರು. ಓಬವ್ವನ ಕಿಂಡಿಯ ಹತ್ತಿರ ಗೈಡ್ ಕಥೆ ಹೇಳಿದ. ಕಾವಲುಗಾರ ಗಂಡ ಊಟಕ್ಕೆ ಮನೆಗೆ ಬಂದದ್ದು, ಓಬವ್ವ ನೀರಿಗೆ ಹೋಗಿ ಹೈದರಾಲಿಯ ಸೈನಿಕರನ್ನು ಕಂಡದ್ದು, ಒನಕೆ ಹಿಡಿದದ್ದು. ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ ಕಲ್ಲಿನ ಮೇಲೆ ಕೈ ಇಟ್ಟುಕೊಂಡು ಕೇಳಿದರು, "ಆ ದಿನ ಅವನ ಊಟಕ್ಕೆ ಏನು ಮಾಡಿದ್ದಳು?" ಗೈಡ್ ನನ್ನ ಮುಖ ನೋಡಿದ. ನಾನು ಮುದ್ದೆ, ಸೊಪ್ಪಿನ ಸಾರು ಇರಬೇಕು ಅಂದೆ. "ಅದು ಇಲ್ಲಿ ಎಲ್ಲಿ ಸಿಗುತ್ತೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸಿನಲ್ಲಿ ಬೆಂಗಳೂರಿನಿಂದ ಕಟ್ಟಿಸಿ ತಂದ ಹದಿನಾಲ್ಕು ಸ್ಯಾಂಡ್‌ವಿಚ್ ಡಬ್ಬಿ ಇದ್ದವು. ಅದನ್ನೇ ತಿಂದು ಒಂದೂವರೆಗೆ ಹೊಸಪೇಟೆ ಕಡೆ ಹೊರಟರು. ದುರ್ಗಕ್ಕೆ ಅವರಿಂದ ಸಿಕ್ಕಿದ್ದು ಕೋಟೆ ಟಿಕೆಟ್ಟು, ಗೈಡಿನ ದುಡ್ಡು, ಒಂದಿಷ್ಟು ಎಳನೀರು.

ನೋಡಿ, ಆ ಹದಿನಾಲ್ಕೂ ಜನಕ್ಕೆ ವೀಸಾ ಸಿಕ್ಕಿತ್ತು, ವಿಮಾನದಲ್ಲಿ ಸೀಟೂ ಸಿಕ್ಕಿತ್ತು. ಕೋಟೆಯ ತನಕ ಬಂದೂ ಆಗಿತ್ತು. ರಾತ್ರಿ ಉಳಿಯಲು ಮಾತ್ರ ಅವರಿಗೆ ಕಾರಣ ಸಿಗಲಿಲ್ಲ.

ಕಾರಣ ಇಲ್ಲ ಅಂತಲ್ಲ. ದುರ್ಗದ ಕೋಟೆ ನೋಡಬೇಕಾದ್ದು ಬೆಳಗ್ಗೆ ಬಾಗಿಲು ತೆರೆದ ತಕ್ಷಣ. ಆಗ ಬಂಡೆಗಳು ತಣ್ಣಗಿರುತ್ತವೆ. ಅದಕ್ಕೆ ಹಿಂದಿನ ರಾತ್ರಿ ಊರಲ್ಲಿ ಮಲಗಿರಬೇಕು. ಚಂದ್ರವಳ್ಳಿ ಇದೆ. ಅಲ್ಲಿ ಅಗೆದಾಗ ರೋಮ್ ಚಕ್ರವರ್ತಿ ಅಗಸ್ಟಸನ ಕಾಲದ ಬೆಳ್ಳಿ ನಾಣ್ಯ ಸಿಕ್ಕಿವೆ. ಎರಡು ಸಾವಿರ ವರ್ಷದ ಹಿಂದೆ ವೀಸಾ ಇಲ್ಲದೆ ಬಂದ ದುಡ್ಡು! ಇಟಲಿಯವರಿಗೆ ಈ ಮಾತು ಹೇಳಿ, ಮುಖ ಅರಳುವುದನ್ನು ನೋಡಿ. ಮೊಳಕಾಲ್ಮೂರು ಕಡೆ ಹೋದರೆ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಹಿರಿಯೂರಿನ ಕಡೆ ವಾಣಿವಿಲಾಸ ಸಾಗರ, ದಾವಣಗೆರೆ ಕಡೆ ಸಂತೇಬೆನ್ನೂರಿನ ಪುಷ್ಕರಿಣಿ. ಒಂದು ರಾತ್ರಿಗೆ ಸಾಕಾಗಿ ಎರಡನೇ ರಾತ್ರಿಗೂ ಮಿಗುತ್ತದೆ.

ಈಗ ನಿಮ್ಮ ಅಣ್ಣನ ಮಾತು. ಅವರನ್ನು ಹಳೇ ಕಾಲದವರು ಅಂತ ತಳ್ಳಿಹಾಕಬೇಡಿ. ಬಾಲಿಯಲ್ಲಿ 2024ರ ಫೆಬ್ರವರಿಯಿಂದ ಪ್ರತಿ ವಿದೇಶಿಯಿಂದ ಒಂದೂವರೆ ಲಕ್ಷ ರುಪಿಯಾ ತೆರಿಗೆ ತೆಗೆದುಕೊಳ್ಳುತ್ತಾರೆ. ಅದೇ ವರ್ಷ ವೆನಿಸ್ ಹಗಲು ಬಂದು ಹೋಗುವವರಿಗೆ ಕೆಲವು ದಿನ 5 ಯೂರೋ ಇಟ್ಟಿತು. ಭೂತಾನ್ ಒಂದೊಂದು ರಾತ್ರಿಗೂ ವಿದೇಶಿಯಿಂದ 100 ಡಾಲರ್, ನಮ್ಮವರಿಂದ 1,200 ರೂಪಾಯಿ ಕೇಳುತ್ತದೆ. ಬಾಗಿಲು ತೆರೆದು ಸುಸ್ತಾದವರೂ ಇದ್ದಾರೆ, ತೆರೆಯದೇ ಇದ್ದವರೂ ಇದ್ದಾರೆ. ಆದರೆ ದುರ್ಗಕ್ಕೆ ಆ ಕಾಯಿಲೆ ಬರಲು ಇನ್ನೂ ಬಹಳ ದೂರ ಇದೆ. ಅಣ್ಣನ ಮಾತಲ್ಲಿ ನಾನು ಗಟ್ಟಿಯಾಗಿ ಹಿಡಿಯುವುದು ನೀರಿನ ವಿಷಯ. ಶಾಂತಿಸಾಗರ, ವಾಣಿವಿಲಾಸದಿಂದ ಬರುವ ನೀರನ್ನು ನಂಬಿದ ಊರು ನಮ್ಮದು. ಎಂಟು ರೂಮಿನ ಷವರು ಬೇಸಿಗೆಯಲ್ಲಿ ಟ್ಯಾಂಕರ್ ಕೇಳುತ್ತದೆ. ಅಕ್ಕಪಕ್ಕದ ಮನೆಯವರು ಕೊಡ ಹಿಡಿದು ನಿಂತಾಗ ನಿಮ್ಮ ಮನೆಗೆ ಟ್ಯಾಂಕರ್ ಬಂದರೆ ಏನಾಗುತ್ತೆ ಅಂತ ನಿಮಗೇ ಗೊತ್ತು.

ನೀವು ಕೇಳದೇ ಇದ್ದ ಒಂದು ವಿಷಯ ಇದೆ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದೆ. ಕೋಟೆ ಬಾಗಿಲು ಐದು ನಿಮಿಷ ಅಂದಿರಿ. ಈ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ರಕ್ಷಿತ ಜಾಗದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ಇರುವ ಮನೆ ಮೇಲೆ ಮಹಡಿ ಎತ್ತುವುದೂ ಕಾಯ್ದೆಯಲ್ಲಿ ಹೊಸ ಕಟ್ಟಡವೇ. ರಿಪೇರಿಗೂ ಅನುಮತಿ ತೆಗೆದುಕೊಳ್ಳಬೇಕು. ಅಳೆಯಬೇಕಾದ್ದು ಟಿಕೆಟ್ ಕೌಂಟರಿನಿಂದ ಅಲ್ಲ, ರಕ್ಷಿತ ಎಲ್ಲೆಯಿಂದ. ಏಳು ಸುತ್ತಿನ ಕೋಟೆ ಅದು, ಅದರ ಗೋಡೆ ಎಲ್ಲಿ ಮುಗಿಯುತ್ತೆ, ಊರು ಎಲ್ಲಿ ಶುರುವಾಗುತ್ತೆ ಅಂತ ಕಣ್ಣಂದಾಜಲ್ಲಿ ಹೇಳಲು ಆಗುವುದಿಲ್ಲ. ಬ್ಯಾಂಕಿನವರು ಸಾಲ ಕೊಡ್ತೀವಿ ಅಂದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ಹಂಪಿಯ ಆಚೆ ದಡದ ವಿರೂಪಾಪುರ ಗಡ್ಡೆ ನೆನಪಿದೆಯಾ? ವಿದೇಶಿಯರಿಂದ ತುಂಬಿ ತುಳುಕುತ್ತಿದ್ದ ಜಾಗ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚಿನಲ್ಲಿ ರೆಸಾರ್ಟುಗಳು ನೆಲಸಮ. ಅಲ್ಲಿ ಗಿರಾಕಿಗೆ ಕೊರತೆ ಇರಲಿಲ್ಲ.

ಲೆಕ್ಕಕ್ಕೆ ಬನ್ನಿ. 45 ಲಕ್ಷ, ಶೇಕಡಾ 10ರ ಬಡ್ಡಿ, ಹತ್ತು ವರ್ಷ ಅಂದರೆ ತಿಂಗಳಿಗೆ ಹೆಚ್ಚು ಕಡಿಮೆ 60,000 ಕಂತು. ರೂಮಿಗೆ 1,800 ಬಾಡಿಗೆ ಅಂದುಕೊಳ್ಳಿ. ಬುಕಿಂಗ್ ಆ್ಯಪಿನವರ ಕಮಿಷನ್, ಕರೆಂಟು, ಬಟ್ಟೆ ಒಗೆಯುವುದು, ಕೆಲಸದವರು ಎಲ್ಲ ಕಳೆದು ಕೈಗೆ 1,000 ಉಳಿದರೆ ಚೆನ್ನಾಗಿ ನಡೆಸುತ್ತಿದ್ದೀರಿ ಅಂತ. ಕಂತು ಕಟ್ಟಲಿಕ್ಕೇ ತಿಂಗಳಿಗೆ 60 ರೂಂ ತುಂಬಬೇಕು. ನಮ್ಮ ಕಡೆ ವಾರದ ದಿನ ಖಾಲಿ. ಪ್ರತಿ ಶನಿವಾರ, ಭಾನುವಾರ ಎಂಟಕ್ಕೆ ಎಂಟೂ ರೂಂ ತುಂಬಿದರೆ 64. ಅಂದರೆ ವರ್ಷವಿಡೀ ಒಂದು ಶನಿವಾರವೂ ಖಾಲಿ ಹೋಗಬಾರದು, ಆಗಲೂ ನಿಮ್ಮ ಕೈಗೆ ನಾಲ್ಕು ಸಾವಿರ. ಏಪ್ರಿಲ್, ಮೇ ಬಿಸಿಲಲ್ಲಿ ದುರ್ಗದ ಬಂಡೆ ಹತ್ತಲು ಯಾರು ಬರ್ತಾರೆ?

ಹಾಗಾದರೆ ಏನು ಮಾಡಬಹುದು? ನಾನಾಗಿದ್ದರೆ ಮನೆಯನ್ನು ಇದ್ದ ಹಾಗೇ ಇಟ್ಟುಕೊಂಡು ಎರಡು, ಬಹಳ ಅಂದರೆ ಮೂರು ಕೋಣೆ ಹೋಂಸ್ಟೇ ಮಾಡುತ್ತಿದ್ದೆ. ಒಳ್ಳೆ ಬಚ್ಚಲು, ಒಳ್ಳೆ ಹಾಸಿಗೆ, ಸೊಳ್ಳೆ ಪರದೆ. ಐದಾರು ಲಕ್ಷದೊಳಗೆ, ಕೈಯಲ್ಲಿರುವ ದುಡ್ಡಲ್ಲಿ. ನೀವು ಅದೇ ಮನೆಯಲ್ಲಿ ಇರುತ್ತೀರಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸುತ್ತೀರಿ. ಇದರಲ್ಲೂ ಅಪಾಯ ಇಲ್ಲದಿಲ್ಲ. ಮನೆ ಮನೆಯಾಗಿ ಉಳಿಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬಂದವರಿಗೂ ಬಾಗಿಲು ತೆಗೆಯಬೇಕು. ಅಣ್ಣ ಅದೇ ಮನೆಯಲ್ಲಿದ್ದರೆ ಅವರ ಒಪ್ಪಿಗೆ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ವಿದೇಶಿಯರನ್ನು ಇರಿಸಿಕೊಂಡರೆ ಒಂದು ಕೆಲಸ ತಪ್ಪಿಸುವಂತಿಲ್ಲ. ಬಂದ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್ ನಂಬರು, ವೀಸಾ ನಂಬರು, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ ಅನ್ನುವುದನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ನಮ್ಮ ಕಸುಬಿನವರು ಇದನ್ನು ಸಿ ಫಾರ್ಮ್ ಅಂತಲೇ ಕರೆಯುವುದು. 2025ರಲ್ಲಿ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದ ಮೇಲೂ ಈ ಹೊಣೆ ಮನೆ ಮಾಲೀಕರದ್ದೇ. ಮೊದಲ ವಿದೇಶಿ ಬರುವ ಮುಂಚೆಯೇ ಯೂಸರ್ ಐಡಿ ಮಾಡಿಸಿಟ್ಟುಕೊಳ್ಳಿ. ಎಷ್ಟೋ ಲಾಡ್ಜಿನವರು ವಿದೇಶಿಯರಿಗೆ ರೂಂ ಇಲ್ಲ ಅನ್ನುವುದು ಈ ಫಾರ್ಮಿಗೆ ಹೆದರಿ. ನಿಮ್ಮ ಹತ್ತಿರ ಐಡಿ ಇದೆ ಅಂತ ಗೊತ್ತಾದರೆ ಅದೇ ನಿಮ್ಮ ಜಾಹೀರಾತು.

ಇನ್ನೂ ಕಡಿಮೆ ದುಡ್ಡಿನ ದಾರಿಯೂ ಇದೆ. ರೂಮೇ ಬೇಡ, ಮೊದಲ ಒಂದು ಸೀಸನ್ ಊಟ ಮಾತ್ರ. ಅಕ್ಟೋಬರಿನಿಂದ ಫೆಬ್ರವರಿ ತನಕ, ಮುಂಚೆ ಹೇಳಿ ಬಂದವರಿಗೆ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ. ಖಾರ ಕಡಿಮೆ ಮಾಡಿ, ಆದರೆ ಸಾರನ್ನು ಸೂಪ್ ಮಾಡಬೇಡಿ. ಇದಕ್ಕೂ ಆಹಾರ ಸುರಕ್ಷತೆಯ ನೋಂದಣಿ ಬೇಕು, ಕಷ್ಟದ್ದಲ್ಲ. ನಷ್ಟ ಆದರೆ ಹಿಟ್ಟು, ಸೊಪ್ಪಿನಷ್ಟೇ. ಆ ಐದು ತಿಂಗಳಲ್ಲಿ ಎಷ್ಟು ಜನ "ಇಲ್ಲೇ ರಾತ್ರಿ ಇರಬಹುದಾ?" ಅಂತ ಕೇಳಿದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ರೂಂ ಎಷ್ಟು ಬೇಕು ಅಂತ ನಿಮಗೆ ಆ ಪುಸ್ತಕ ಹೇಳುತ್ತದೆ, ನಾನಲ್ಲ.

ಗಿರಾಕಿ ಯಾರು ಅನ್ನುವುದರಲ್ಲೂ ಮೋಸ ಹೋಗಬೇಡಿ. ಕೋಟೆಯಲ್ಲಿ ನಮ್ಮವರಿಗೆ ಟಿಕೆಟ್ 25, ವಿದೇಶಿಯರಿಗೆ 300 ಅನ್ನುವುದನ್ನು ನೋಡಿ ವಿದೇಶಿ ಅಂದರೆ ಹನ್ನೆರಡು ಪಟ್ಟು ಲಾಭ ಅನ್ನಿಸಬಹುದು. ನಿಮ್ಮ ಮನೆ ನಡೆಸುವವರು ಬೆಂಗಳೂರಿನಿಂದ ಮಕ್ಕಳನ್ನು ಕರೆದುಕೊಂಡು ಬರುವ ಸಂಸಾರಸ್ಥರು. ಅವರಿಗೆ ಯಾವ ವೀಸಾವೂ ಬೇಡ. ಪ್ರಪಂಚ ಬಾಗಿಲು ಹಾಕಿಕೊಂಡ 2021ರಲ್ಲೂ ಲಾಕ್‌ಡೌನ್ ತೆಗೆದ ಮೊದಲ ವಾರವೇ ಕಾರು ಹತ್ತಿ ಹೊರಟವರು ಅವರು. ವಿದೇಶಿ ಬಂದರೆ ಹಬ್ಬ, ಬರದಿದ್ದರೂ ಒಲೆ ಉರಿಯಬೇಕು.

ಇನ್ನು ವಿದೇಶಿಯರನ್ನು ಕರೆತರುವವರು ಯಾರು? ಜಾಹೀರಾತಲ್ಲ, ಡ್ರೈವರು. ಬೆಂಗಳೂರು ಹಂಪಿ ಓಡಿಸುವ ಡ್ರೈವರುಗಳಿಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಚೆನ್ನಾಗಿ ಗೊತ್ತು. ಅವನಿಗೆ ಕಾಲು ಚಾಚಲು ಒಂದು ಮಂಚ, ಫ್ಯಾನು, ಬಿಸಿ ಊಟ ಕೊಡಿ. ಕಮಿಷನ್ನಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ. ಡ್ರೈವರನ್ನು ಕಾರಿನಲ್ಲೇ ಮಲಗಿಸಿದ ಮನೆಗೆ ಆ ಕಾರು ಎರಡನೇ ಸಲ ಬಂದದ್ದನ್ನು ನಾನು ನೋಡಿಲ್ಲ.

ಈ ವಾರ ನೀವು ಮಾಡಬೇಕಾದ್ದು ಒಂದೇ. ಮನೆಯ ಖಾತೆ, ನಕ್ಷೆ ಹಿಡಿದು ಕೋಟೆಯಲ್ಲಿರುವ ಪುರಾತತ್ವ ಇಲಾಖೆಯ ಕಚೇರಿಗೆ ಹೋಗಿ, ನಮ್ಮ ಮನೆ ಎಲ್ಲೆಯಿಂದ ಎಷ್ಟು ಮೀಟರ್ ಅಂತ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಅಲ್ಲಿಯವರೆಗೆ ಬ್ಯಾಂಕಿನ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಆ ಅಳತೆ ಸಿಕ್ಕ ಮೇಲೆ ಇನ್ನೊಮ್ಮೆ ಬರೆಯಿರಿ.

ಮತ್ತೆ ಆ ಜಗಲಿ ಕೆಡವಬೇಡಿ. ಡ್ರೈವರಿನ ಮಂಚ ಅಲ್ಲೇ ಹಾಕಬಹುದು.